ರಾಣಿ ಟ್ಯೂಟಾ ಬಗ್ಗೆ ಬರೆಯುತ್ತಿದ್ದೇನೆ, ಯಾರ ಮಾತು ನಂಬೋದು?

ಮಳೆಗಾಲ:

ಎಲ್ಲರಿಗೂ ನಮಸ್ಕಾರ. ಇಲಿರಿಯದ ರಾಣಿ ಟ್ಯೂಟಾ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯಲು ಕೂತಿದ್ದೇನೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಆಡ್ರಿಯಾಟಿಕ್ ಕಡಲಿನ ಪೂರ್ವ ದಡ ಇದೆಯಲ್ಲ, ಈಗಿನ ಕ್ರೊಯೇಷಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ ಕಡೆ, ಅಲ್ಲಿ ಆರ್ಡಿಯೈ ಅನ್ನೋ ಬುಡಕಟ್ಟಿಗೆ ಅಗ್ರೋನ್ ಅಂತ ದೊರೆ ಇದ್ದ. ಕ್ರಿ.ಪೂ. 231ರ ಸುಮಾರಿಗೆ ಅವನು ತೀರಿಕೊಂಡ. ಹೆಂಡತಿ ಟ್ಯೂಟಾ ಅಧಿಕಾರ ಹಿಡಿದಳು. ಕ್ರಿ.ಪೂ. 229ರಲ್ಲಿ ರೋಮ್ ಮೊಟ್ಟಮೊದಲ ಸಲ ಸೈನ್ಯ ಕಟ್ಟಿಕೊಂಡು ಆ ಕಡಲು ದಾಟಿದ್ದು ಇವಳ ಮೇಲೆ ಯುದ್ಧಕ್ಕೆ.

ಈಗ ನನ್ನ ಕಷ್ಟ ಕೇಳಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಬ್ಬೊಬ್ಬರದ್ದು ಒಂದೊಂದು ಕಥೆ. ರೋಮಿನ ದೂತರನ್ನು ತುಂಬಿದ ಸಭೆಯಲ್ಲೇ ಕಡಿಸಿದಳು ಅಂತ ಒಂದು ಕಡೆ, ಕಡಲಲ್ಲಿ ಕೊಲ್ಲಿಸಿದಳು ಅಂತ ಇನ್ನೊಂದು ಕಡೆ. ರಾಜಧಾನಿ ಈಗಿನ ಅಲ್ಬೇನಿಯದ ಶ್ಕೋಡರ್ ಅಂತ ಕೆಲವರು, ಮಾಂಟೆನೆಗ್ರೊದ ರಿಸಾನ್ ಅಂತ ಕೆಲವರು. ಕೊನೆಗೆ ಸೋತು ಬಂಡೆಯಿಂದ ಹಾರಿ ಪ್ರಾಣ ಬಿಟ್ಟಳಂತೆ. ಹುಟ್ಟಿದ ವರ್ಷ, ಸತ್ತ ವರ್ಷ ಎರಡನ್ನೂ ಬರೆದವರಿದ್ದಾರೆ. ‘ಕಡಲ್ಗಳ್ಳರ ರಾಣಿ’ ಅನ್ನೋದಂತೂ ಎಲ್ಲ ಕಡೆ ಇದೆ.

ನಾನು ಇತಿಹಾಸ ಓದಿದವಳಲ್ಲ. ಗ್ರೀಕ್, ಲ್ಯಾಟಿನ್ ಬರೋದಿಲ್ಲ. ಎಲ್ಲಾ ಸೇರಿಸಿ ಒಂದು ಚಂದದ ಕಥೆ ಮಾಡಿಬಿಡಬಹುದು, ಮನಸ್ಸು ಒಪ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಮತ್ತೆ, ಲೇಖನಕ್ಕೆ ಯಾವ ಚಿತ್ರ ಹಾಕಲಿ?

ಹಳೆ_ಕಾಗದ:

ಮೊದಲು ಆ ವೆಬ್‌ಸೈಟುಗಳನ್ನೆಲ್ಲ ಮುಚ್ಚಿ ಮೇಡಂ. ಟ್ಯೂಟಾ ಬಗ್ಗೆ ಹಳೇ ಕಾಲದಿಂದ ಉಳಿದು ಬಂದಿರುವುದು ಬಹಳ ಸ್ವಲ್ಪ. ಒಂದು ಸಂಜೆಗೆ ಎಲ್ಲಾ ಓದಿ ಮುಗಿಸಬಹುದು, ಇಂಗ್ಲಿಷ್ ಅನುವಾದಗಳು ಪುಕ್ಕಟೆ ಸಿಗುತ್ತವೆ.

ದೊಡ್ಡ ಪಾಲು ಪಾಲಿಬಿಯಸ್‌ನದ್ದು. ಅವನ ಇತಿಹಾಸದ ಎರಡನೇ ಸಂಪುಟ, 2ರಿಂದ 12ನೇ ಅಧ್ಯಾಯದವರೆಗೆ. ಅಧ್ಯಾಯ ಅಂದರೆ ಗಾಬರಿ ಬೇಡ, ಒಂದೊಂದು ಅರ್ಧ ಪುಟ, ಒಂದು ಪುಟ ಅಷ್ಟೇ. ಇವನು ಗ್ರೀಕ್ ಮನುಷ್ಯ, ಹುಟ್ಟಿದ್ದು ಕ್ರಿ.ಪೂ. 200ರ ಸುಮಾರಿಗೆ. ಅಂದರೆ ಈ ಯುದ್ಧ ಮುಗಿದು ಒಂದು ತಲೆಮಾರು ಕಳೆದ ಮೇಲೆ. ಒತ್ತೆಯಾಳಾಗಿ ರೋಮಿಗೆ ಹೋಗಿ ಅಲ್ಲಿನ ದೊಡ್ಡ ಮನೆತನದವರ ಸ್ನೇಹ ಬೆಳೆಸಿದವನು. ಹಾಗಾಗಿ ಅವನಿಗೆ ಸಿಕ್ಕಿದ್ದು ಜಾಸ್ತಿ ರೋಮಿನ ಕಡೆಯ ಮಾತು. ಇಲಿರಿಯದವರು ತಾವೇ ಬರೆದಿಟ್ಟ ಇತಿಹಾಸ ಒಂದು ಸಾಲೂ ನಮಗೆ ಉಳಿದಿಲ್ಲ.

ದೂತರ ವಿಷಯಕ್ಕೆ ಬರೋಣ. ಪಾಲಿಬಿಯಸ್ ಹೇಳೋದು ಹೀಗೆ: ಇಟಲಿಯ ವ್ಯಾಪಾರಿಗಳನ್ನು ಕಡಲಲ್ಲಿ ದೋಚುತ್ತಿದ್ದಾರೆ ಅಂತ ದೂರು ಹೇಳಲು ರೋಮಿನಿಂದ ಗಾಯಸ್ ಮತ್ತು ಲೂಸಿಯಸ್ ಕೊರುಂಕಾನಿಯಸ್ ಅಂತ ಇಬ್ಬರು ಬಂದರು. ಆಗ ಟ್ಯೂಟಾ ಇಸ್ಸಾ ದ್ವೀಪಕ್ಕೆ, ಈಗಿನ ವಿಸ್‌ಗೆ, ಮುತ್ತಿಗೆ ಹಾಕಿದ್ದಳು. ದೂತರು ದೂರು ಹೇಳುವಷ್ಟು ಹೊತ್ತೂ ಬಿಗುಮಾನದಿಂದ ಕೇಳಿಸಿಕೊಂಡಳು. ರಾಜ್ಯದ ಕಡೆಯಿಂದ ರೋಮಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುತ್ತೇನೆ, ಆದರೆ ನಮ್ಮ ಜನ ಖಾಸಗಿಯಾಗಿ ಕಡಲಲ್ಲಿ ದೋಚಿಕೊಳ್ಳೋದನ್ನು ತಡೆಯುವ ಪದ್ಧತಿ ಇಲ್ಲಿನ ದೊರೆಗಳಿಗಿಲ್ಲ ಅಂದಳು. ಇಬ್ಬರಲ್ಲಿ ಚಿಕ್ಕವನು ಸಿಟ್ಟಿಗೆದ್ದು, ಆ ಪದ್ಧತಿಯನ್ನು ನಾವೇ ತಿದ್ದಿಸುತ್ತೇವೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಅವರು ಹಡಗು ಹತ್ತಿ ಹೊರಟ ಮೇಲೆ ಆಳುಗಳನ್ನು ಕಳಿಸಿ ಅವನನ್ನು ಕೊಲ್ಲಿಸಿದಳು. ಸಭೆಯಲ್ಲಿ ಕಡಿಸಿದ್ದು ಇಲ್ಲಿ ಇಲ್ಲವೇ ಇಲ್ಲ ನೋಡಿ.

ಆಪಿಯನ್ ಹೇಳೋದು ಬೇರೆಯೇ. ಇವನು ಕ್ರಿ.ಶ. ಎರಡನೇ ಶತಮಾನದ ಇತಿಹಾಸಕಾರ. ಇವನ ಪ್ರಕಾರ ಆಗ ಅಗ್ರೋನ್ ಇನ್ನೂ ಬದುಕಿದ್ದ. ಇಸ್ಸಾದವರು ರೋಮಿಗೆ ದೂರು ಕೊಟ್ಟರು. ದೂತರು ಇನ್ನೂ ದಾರಿಯಲ್ಲಿರುವಾಗಲೇ ಇಲಿರಿಯದ ದೋಣಿಗಳು ಮೇಲೆ ಬಿದ್ದು ರೋಮಿನ ಕೊರುಂಕಾನಿಯಸ್‌ನನ್ನೂ ಇಸ್ಸಾದ ಕ್ಲಿಯೆಂಪೊರಸ್‌ನನ್ನೂ ಕೊಂದವು. ರಾಣಿಯ ಭೇಟಿ ಇಲ್ಲ, ಮಾತುಕತೆ ಇಲ್ಲ, ಸಿಟ್ಟೂ ಇಲ್ಲ.

ಇನ್ನು ಫ್ಲೋರಸ್ ಅನ್ನೋ ಲ್ಯಾಟಿನ್ ಲೇಖಕ. ಅವನೂ ಎರಡನೇ ಶತಮಾನದವನೇ. ದೂತರನ್ನು ಬಲಿಪಶುವಿನ ಹಾಗೆ ಕೊಡಲಿಯಿಂದ ಕಡಿಸಿದಳು, ಹಡಗಿನ ನಾಯಕರನ್ನು ಸುಟ್ಟಳು ಅಂತಾನೆ. ಇದನ್ನು ಮಾಡಿಸಿದ್ದು ಹೆಂಗಸು ಅನ್ನೋದು ಇನ್ನೂ ದೊಡ್ಡ ಅವಮಾನ ಅಂತ ಬೇರೆ ಸೇರಿಸುತ್ತಾನೆ. ನೀವು ಓದಿದ ‘ಕಡಿಸಿದಳು’ ಕಥೆಯ ಮೂಲ ಬಹುಶಃ ಇದೇ. ಸತ್ತ ದೂತರಿಗೆ ರೋಮಿನಲ್ಲಿ ಮೂರಡಿ ಎತ್ತರದ ಪ್ರತಿಮೆ ನಿಲ್ಲಿಸಿದ್ದರು ಅಂತ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ, ಆದರೆ ಅವನು ಕೊಡುವ ಹೆಸರುಗಳು ಪಬ್ಲಿಯಸ್ ಜೂನಿಯಸ್ ಮತ್ತು ಟೈಬೀರಿಯಸ್ ಕೊರುಂಕಾನಿಯಸ್. ಹೆಸರಲ್ಲೇ ಹೊಂದಾಣಿಕೆ ಇಲ್ಲ!

ಇವನ್ನೆಲ್ಲ ಹೊಲಿದು ಒಂದು ಮಾಡೋಕೆ ಹೋಗಬೇಡಿ. ಪಾಲಿಬಿಯಸ್ ಹೀಗೆ ಹೇಳುತ್ತಾನೆ, ಆಪಿಯನ್ ಹಾಗೆ ಹೇಳುತ್ತಾನೆ ಅಂತ ಪಕ್ಕಪಕ್ಕ ಇಡಿ. ಪಾಲಿಬಿಯಸ್‌ನಿಂದ ಮಾತುಕತೆ, ಆಪಿಯನ್‌ನಿಂದ ಕ್ಲಿಯೆಂಪೊರಸ್, ಫ್ಲೋರಸ್‌ನಿಂದ ಕೊಡಲಿ ತಗೊಂಡು ಒಂದೇ ದೃಶ್ಯ ಬರೆದರೆ, ಅದು ಆ ಮೂವರಲ್ಲಿ ಯಾರೂ ಹೇಳದ ನಾಲ್ಕನೇ ಕಥೆ ಆಗುತ್ತೆ.

ಬಂದರು_ಬೀದಿ:

ಮೇಲಿನವರು ಹೇಳಿದ್ದು ಸರಿ. ನನ್ನದೊಂದು ಸೇರಿಸ್ತೀನಿ. ಪಾಲಿಬಿಯಸ್ ಓದುವಾಗ ಅವನು ಹೇಳೋ ಘಟನೆಯನ್ನೂ ಬಳಸೋ ವಿಶೇಷಣವನ್ನೂ ಬೇರೆ ಬೇರೆ ಇಟ್ಕೊಳ್ಳಿ. ಟ್ಯೂಟಾ ಬಂದ ಕೂಡಲೇ ಅವನ ದನಿ ಬದಲಾಗುತ್ತೆ. ಹೆಂಗಸಾದ್ದರಿಂದ ದೂರಾಲೋಚನೆ ಇರಲಿಲ್ಲ, ಹೆಂಗಸರ ಸಿಟ್ಟು ಹೀಗೇ, ಇಂಥವು. ಅಗ್ರೋನ್ ಗೆಲುವಿನ ಖುಷಿಯಲ್ಲಿ ಕುಡಿದು ತಿಂದು ಕಾಯಿಲೆ ಬಿದ್ದು ಸತ್ತ ಅಂತ ಅವನೇ ಬರೀತಾನೆ, ಅಲ್ಲಿ ‘ಗಂಡಸಾದ್ದರಿಂದ’ ಅಂತ ಎಲ್ಲೂ ಇಲ್ಲ, ಅಲ್ವಾ?

ವಿಶೇಷಣ ತೆಗೆದು ಘಟನೆ ಮಾತ್ರ ನೋಡಿದರೆ ಚಿತ್ರವೇ ಬೇರೆ. ಕಂಡ ಹಡಗನ್ನು ದೋಚಲು ಅವಳು ತನ್ನ ಜನಕ್ಕೆ ಅನುಮತಿ ಪತ್ರ ಕೊಟ್ಟಳು, ಇದು ಅವನು ಹೇಳೋ ಘಟನೆ. ಆದರೆ ಇಲಿರಿಯದವರು ಇಟಲಿಯ ವ್ಯಾಪಾರಿಗಳನ್ನು ಕಾಡುತ್ತಿದ್ದದ್ದು ಬಹಳ ಹಿಂದಿನಿಂದಲೂ ಇತ್ತು ಅಂತಲೂ ಅವನೇ ಹೇಳ್ತಾನೆ. ಅಂದಮೇಲೆ ಅವಳು ಶುರು ಮಾಡಿದ್ದಲ್ಲ. ಗಂಡನ ಕಾಲದಲ್ಲೇ ಮೆಸಿಡೋನಿಯದ ದೊರೆ ಎರಡನೇ ಡೆಮೆಟ್ರಿಯಸ್ ದುಡ್ಡು ಕೊಟ್ಟು ಇವರನ್ನು ಯುದ್ಧಕ್ಕೆ ಕರೆಸಿದ್ದ. 100 ಲೆಂಬಸ್ ದೋಣಿಗಳಲ್ಲಿ 5,000 ಜನ ಗ್ರೀಸಿನ ಮೀಡಿಯನ್ ಅನ್ನೋ ಊರಿನ ಹತ್ತಿರ ರಾತ್ರಿ ಬಂದು, ಬೆಳಗಾಗುತ್ತಲೇ ದಡಕ್ಕಿಳಿದು, ಅದಕ್ಕೆ ಮುತ್ತಿಗೆ ಹಾಕಿದ್ದ ಏಟೋಲಿಯ ಅನ್ನೋ ಗ್ರೀಕ್ ಪ್ರದೇಶದವರನ್ನು ಹೊಡೆದೋಡಿಸಿದರು. ದೋಣಿಗೆ 50 ಜನ ಲೆಕ್ಕ ಹಾಕಿ. ಚಿಕ್ಕ, ಹಗುರ, ವೇಗದ ದೋಣಿ. ಇದು ದೊರೆತನದ ನೌಕಾಪಡೆ, ಬರೀ ಕಳ್ಳರ ಗುಂಪಲ್ಲ.

ನನಗೆ ಬಹಳ ಇಷ್ಟವಾದ ಭಾಗ ಎಪಿಡಾಮ್ನಸ್‌ದು, ಈಗಿನ ಅಲ್ಬೇನಿಯದ ಡುರಸ್. ಇಲಿರಿಯದವರು ಮೈಮೇಲೆ ಹೆಚ್ಚು ಬಟ್ಟೆ ಇಲ್ಲದೆ, ಕೈಯಲ್ಲಿ ಕೊಡ ಹಿಡಿದು, ನೀರು ತುಂಬಿಸಿಕೊಳ್ಳೋಕೆ ಬಂದವರ ಹಾಗೆ ಊರ ಬಾಗಿಲಿಗೆ ಬಂದರು. ಕೊಡದೊಳಗೆ ಕತ್ತಿ. ಕಾವಲುಗಾರರನ್ನು ಕೊಂದು ಬಾಗಿಲು ಹಿಡಿದೇಬಿಟ್ಟರು, ಊರವರು ಕೊನೆಗೂ ಹೊರಗಟ್ಟಿದರು ಅನ್ನಿ. ಇಂಥ ಒಂದು ವಿವರ ಲೇಖನದಲ್ಲಿ ಇರಲಿ, ‘ಧೀರ ರಾಣಿ’ ಅಂತ ಹತ್ತು ಸಲ ಬರೆಯೋದಕ್ಕಿಂತ ಅದು ಎಷ್ಟೋ ಮೇಲು.

ಚಿಲ್ಲರೆ_ಕಾಸು:

ಚಿತ್ರದ ಬಗ್ಗೆ ಕೇಳಿದ್ರಿ. ಅವಳ ಕಾಲದ ಚಿತ್ರ, ಪ್ರತಿಮೆ, ಅವಳ ಹೆಸರಿರುವ ನಾಣ್ಯ, ಶಾಸನ ಯಾವುದೂ ಇಲ್ಲ. ಅಲ್ಬೇನಿಯದ 100 ಲೆಕ್ ನಾಣ್ಯದ ಮೇಲೆ ಅವಳ ಮುಖ ಇದೆ, ಆದರೆ ಅದು 2000ನೇ ಇಸವಿಯ ನಾಣ್ಯ, ಕಲಾವಿದರ ಕಲ್ಪನೆ. ಹಾಕೋದಾದರೆ ಅಡಿಬರಹದಲ್ಲಿ ಹಾಗೇ ಹೇಳಿ. ರಿಸಾನ್‌ನಲ್ಲಿ ನಿದ್ರಾದೇವ ಹಿಪ್ನಾಸ್‌ನ ಮೊಸಾಯಿಕ್ ನೆಲ ಇದೆ, ಚಂದ ಇದೆ ಅಂತ ಅದನ್ನು ‘ಟ್ಯೂಟಾ ಅರಮನೆ’ ಅಂತ ಹಾಕಬೇಡಿ. ಅದು ನಂತರದ ರೋಮನ್ ಕಾಲದ ಮನೆಯದ್ದು.

ಇನ್ನೊಂದು ಮಜಾ ಕೇಳಿ. ಅದೇ ರಿಸಾನ್‌ನಲ್ಲಿ ವಾರ್ಸಾ ವಿಶ್ವವಿದ್ಯಾಲಯದವರು ಅಗೆಯುವಾಗ 2010ರಲ್ಲಿ ಒಂದು ನಿಧಿ ಸಿಕ್ಕಿತು. 4,600ಕ್ಕೂ ಹೆಚ್ಚು ನಾಣ್ಯ, ಬಲ್ಲಾಯೊಸ್ ಅನ್ನೋ ದೊರೆಯವು. ಈ ಬಲ್ಲಾಯೊಸ್ ಹೆಸರು ಪಾಲಿಬಿಯಸ್‌ನಲ್ಲಿಲ್ಲ, ಆಪಿಯನ್‌ನಲ್ಲಿಲ್ಲ, ಹಳೆಯ ಯಾವ ಗ್ರಂಥದಲ್ಲೂ ಇಲ್ಲ. ಅವನ ಕಾಲ ಯಾವುದು ಅಂತ ವಿದ್ವಾಂಸರು ಈಗಲೂ ಜಗಳ ಆಡ್ತಾರೆ. ಒಬ್ಬನಿಗೆ ಸಾವಿರಾರು ನಾಣ್ಯ, ಒಂದು ಸಾಲು ಬರಹ ಇಲ್ಲ. ಇವಳಿಗೆ ಪುಟಗಟ್ಟಲೆ ಬರಹ, ಒಂದು ಕಾಸೂ ಇಲ್ಲ. ಹಾಗಾಗಿ ಗ್ರೀಕರು, ರೋಮನ್ನರು ಬರೆದಿದ್ದೇ ಇಲಿರಿಯದ ಪೂರ್ತಿ ಇತಿಹಾಸ ಅನ್ನೋ ಹಾಗೆ ಬರೀಬೇಡಿ.

ಶ್ಕೋಡರ್ ರಾಜಧಾನಿ ಅನ್ನೋದನ್ನೂ ಬಿಟ್ಟುಬಿಡಿ. ಆ ಊರಿನ ನಂಟು ಗೆಂಟಿಯಸ್ ಅನ್ನೋ ದೊರೆಗೆ, ಅವನು ಸೋತದ್ದು ಕ್ರಿ.ಪೂ. 168ರಲ್ಲಿ, ಎರಡು ತಲೆಮಾರು ಆಚೆ. ಟ್ಯೂಟಾ ಸೋತಾಗ ಓಡಿ ಸೇರಿದ್ದು ರಿಜಾನ್‌ಗೆ, ಅಂದರೆ ರಿಸಾನ್‌ಗೆ. ಸಮುದ್ರದಿಂದ ಒಳಗೆ ಇರುವ, ಗಟ್ಟಿ ಕೋಟೆಯ ಚಿಕ್ಕ ಊರು ಅಂತಾನೆ ಪಾಲಿಬಿಯಸ್. ಅದು ರಾಜಧಾನಿ ಅಂತಲೂ ಅವನು ಹೇಳಿಲ್ಲ!

ಸುಮ್ನೆ_ಓದುಗ:

ಎಲ್ಲಾ ಒಪ್ಪಿದೆ, ಆದರೆ ಪ್ರತಿ ಸಾಲಿಗೂ ಅವನು ಹೇಳುತ್ತಾನೆ, ಇವನು ಹೇಳುತ್ತಾನೆ ಅಂತ ಬರೆದರೆ ಯಾರು ಸ್ವಾಮಿ ಓದೋದು? ಮೂರನೇ ಪ್ಯಾರಾಕ್ಕೆ ಪುಟ ಮುಚ್ಚಿ ಹೋಗ್ತಾರೆ. ಬಂಡೆಯಿಂದ ಹಾರಿದ ಕಥೆಯನ್ನು ಎತ್ತಿ ಬಿಸಾಕೋದೂ ನನಗೆ ಸರಿ ಕಾಣಲ್ಲ. ರಿಸಾನ್ ಕಡೆಯ ಜನ ಹೇಳಿಕೊಂಡು ಬಂದಿರೋ ಕಥೆ ಅದು. ಅಲ್ಬೇನಿಯದಲ್ಲಿ, ಕೊಸೊವೊದಲ್ಲಿ ಈಗಲೂ ಹೆಣ್ಣುಮಕ್ಕಳಿಗೆ ಟ್ಯೂಟಾ ಅಂತ ಹೆಸರಿಡ್ತಾರೆ. ಡುರಸ್‌ನ ಫುಟ್‌ಬಾಲ್ ಕ್ಲಬ್ಬಿಗೂ ಅದೇ ಹೆಸರು. ರೋಮಿನವರು ಬರೆದದ್ದು ಮಾತ್ರ ದಾಖಲೆ, ಊರವರು ಹೇಳಿದ್ದು ಕಸ ಅಂದರೆ ಮತ್ತೆ ರೋಮಿನ ಮಾತೇ ಗೆದ್ದ ಹಾಗಾಯ್ತು.

ಹಳೆ_ಕಾಗದ:

@ಸುಮ್ನೆ_ಓದುಗ, ಬಿಸಾಕಿ ಅಂತ ನಾನು ಹೇಳಲಿಲ್ಲ. ‘ಸಾವು’ ಅನ್ನೋ ತಲೆಬರಹದ ಕೆಳಗೆ ಹಾಕಬೇಡಿ ಅಂತೀನಿ. ‘ನಂತರದ ನೆನಪು’ ಅಂತ ಬೇರೆ ಭಾಗ ಮಾಡಿ, ಬಂಡೆಯ ಕಥೆ, ನಾಣ್ಯ, ಹೆಣ್ಣುಮಕ್ಕಳ ಹೆಸರು, ಕ್ಲಬ್ಬು ಎಲ್ಲಾ ಅಲ್ಲಿ ಬರಲಿ. ಅಲ್ಲಿ ಅದಕ್ಕೆ ಮರ್ಯಾದೆಯೂ ಇರುತ್ತೆ. ಆದರೆ ಎರಡು ಸಾವಿರ ವರ್ಷದ ಹಿಂದಿನ ಊರಿನ ಮಾತು ಹಾಗೇ ಉಳಿದು ಬಂದಿದೆ ಅನ್ನೋದನ್ನು ನಾನು ಒಪ್ಪಲ್ಲ. ನಡುವೆ ಆ ಬೆಟ್ಟದ ಬುಡದಲ್ಲಿ ಎಷ್ಟು ಜನ ಬಂದು ಹೋದರೋ. ಓದಿಸಿಕೊಳ್ಳೋ ವಿಷಯಕ್ಕೆ, ಎಲ್ಲರೂ ಒಪ್ಪೋ ಕಡೆ ಹೆಸರು ಹೇಳದೆ ನೇರ ಬರೆಯಿರಿ. ಜಗಳ ಇರೋ ಕಡೆ ಮಾತ್ರ ಯಾರು ಹೇಳಿದ್ದು ಅಂತ ಹೇಳಿ.

ವಿಕಿಪೀಡಿಯ ಆದ್ದರಿಂದ ಇನ್ನೊಂದು ಮಾತು. ಪಾಲಿಬಿಯಸ್ ಓದಿ ನೀವೇ ತೀರ್ಪು ಕೊಡೋ ಹಾಗಿಲ್ಲ. ರೋಮ್ ಯಾಕೆ ಯುದ್ಧಕ್ಕೆ ಬಂತು, ವ್ಯಾಪಾರಿಗಳಿಗಾಗಿಯಾ, ಇಸ್ಸಾಕ್ಕಾಗಿಯಾ, ಸತ್ತ ದೂತನಿಗಾಗಿಯಾ, ಇಂಥದ್ದಕ್ಕೆ ಈಗಿನ ಇತಿಹಾಸಕಾರರ ಪುಸ್ತಕವನ್ನೇ ಹಿಡಿಯಬೇಕು.

ಮಳೆಗಾಲ:

ಎಲ್ಲರಿಗೂ ಥ್ಯಾಂಕ್ಸ್. ಪಾಲಿಬಿಯಸ್ ಅಧ್ಯಾಯಗಳನ್ನು ಓದಿದೆ, ನಿಜವಾಗಿಯೂ ಚಿಕ್ಕವು. ಈಗ ಎರಡು ಪ್ರಶ್ನೆ. ಅವಳನ್ನು ರಾಣಿ ಅನ್ನಲಾ, ಮಗುವಿನ ಪರವಾಗಿ ಆಳಿದವಳು ಅನ್ನಲಾ? ಪಿನ್ನೆಸ್ ಅಂತ ಒಬ್ಬ ಹುಡುಗನ ಹೆಸರು ಕಾಣುತ್ತೆ, ಪಾಲಿಬಿಯಸ್‌ನ ಈ ಭಾಗದಲ್ಲಿ ಅವನು ಇಲ್ಲವೇ ಇಲ್ಲ. ಎರಡನೇದು, ಲೇಖನದ ಬದಿಯ ಮಾಹಿತಿ ಚೌಕ, ಅಂದರೆ ಇನ್ಫೋಬಾಕ್ಸ್‌ನಲ್ಲಿ ಹುಟ್ಟು ಸಾವು ಖಾಲಿ ಬಿಟ್ಟರೆ ನಾಳೆ ಯಾರೋ ಬಂದು ತುಂಬುತ್ತಾರೆ. ಏನು ಮಾಡೋದು?

ಬಂದರು_ಬೀದಿ:

ಪಿನ್ನೆಸ್ ಬರೋದು ಆಪಿಯನ್ ಮತ್ತು ಆಮೇಲಿನ ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರಹದಲ್ಲಿ. ಅಗ್ರೋನ್‌ನ ಮಗ, ಟ್ಯೂಟಾಗೆ ಹುಟ್ಟಿದವನಲ್ಲ. ತಾಯಿ ಟ್ರಿಟ್ಯೂಟಾ ಅಂತ ಡಿಯೊ ಹೇಳ್ತಾನೆ. ಅವಳನ್ನು ಆಮೇಲೆ ಫಾರೋಸ್‌ನ ಡೆಮೆಟ್ರಿಯಸ್ ಮದುವೆಯಾದ, ಟ್ಯೂಟಾಳ ಪಕ್ಷ ಬಿಟ್ಟು ರೋಮಿನ ಕಡೆ ಸೇರಿ ಕಾರ್ಸೈರಾ ದ್ವೀಪವನ್ನು, ಈಗಿನ ಕೊರ್ಫುವನ್ನು, ಒಪ್ಪಿಸಿದ ಮಹಾನುಭಾವ ಇವನೇ. ಪಾಲಿಬಿಯಸ್ ಮಾತ್ರ ಗಂಡನ ನಂತರ ಟ್ಯೂಟಾ ಪಟ್ಟಕ್ಕೆ ಬಂದಳು ಅಂತ ಸೀದಾ ಹೇಳ್ತಾನೆ. ‘ರಾಣಿ’ ಅಂತಲೇ ಬರೆಯಿರಿ, ಪ್ಲಿನಿಯೂ ಹಾಗೇ ಕರೆದಿದ್ದಾನೆ. ಮಗುವಿನ ವಿಷಯ ಮುಂದಿನ ವಾಕ್ಯದಲ್ಲಿ ಬರಲಿ.

ಸೋತ ಮೇಲೆ ರೋಮಿನ ಜೊತೆ ಆದ ಕ್ರಿ.ಪೂ. 228ರ ಒಪ್ಪಂದ ನೋಡಿ. ಪಾಲಿಬಿಯಸ್‌ನಲ್ಲಿ ಅದನ್ನು ಮಾಡಿಕೊಂಡದ್ದು ಟ್ಯೂಟಾ. ಆಪಿಯನ್‌ನಲ್ಲಿ ಉಳಿದ ರಾಜ್ಯ ಸಿಕ್ಕಿದ್ದು ಪಿನ್ನೆಸ್‌ಗೆ. ಇಷ್ಟೆಲ್ಲ ಬೇರೆ ಇದ್ದರೂ ಒಂದು ಷರತ್ತು ಇಬ್ಬರಲ್ಲೂ ಒಂದೇ: ಲಿಸ್ಸಸ್‌ನಿಂದ, ಈಗಿನ ಲೇಝೆಯಿಂದ, ಆಚೆಗೆ ಎರಡಕ್ಕಿಂತ ಹೆಚ್ಚು ದೋಣಿ ಹೋಗಬಾರದು, ಅವುಗಳಲ್ಲೂ ಆಯುಧ ಇರಬಾರದು. ಇದನ್ನು ಧೈರ್ಯವಾಗಿ ನೇರ ಬರೆಯಿರಿ. ಅಂದಹಾಗೆ ಯುದ್ಧಕ್ಕೆ ರೋಮಿನಿಂದ ಬಂದದ್ದು 200 ಹಡಗು, 20,000 ಕಾಲಾಳು, 2,000 ಕುದುರೆ ಸವಾರರು, ಆ ಲೆಕ್ಕ ಪಾಲಿಬಿಯಸ್‌ದು.

ಚಿಲ್ಲರೆ_ಕಾಸು:

ಇನ್ಫೋಬಾಕ್ಸ್‌ಗೆ: ಹುಟ್ಟು, ಸಾವಿನ ಕಾಲಂ ತೆಗೆದೇ ಹಾಕಿ, ‘ಆಳ್ವಿಕೆ: ಸು. ಕ್ರಿ.ಪೂ. 231–228’ ಅಂತ ಒಂದನ್ನೇ ಇಡಿ. ಒಪ್ಪಂದ ಆದಮೇಲೆ ಅವಳು ಏನಾದಳು, ಎಲ್ಲಿ ಸತ್ತಳು ಅಂತ ಹಳೆಯ ಯಾರೂ ಬರೆದಿಲ್ಲ ಅನ್ನೋದನ್ನು ಲೇಖನದೊಳಗೇ ಒಂದು ವಾಕ್ಯ ಹಾಕಿ. ಚರ್ಚೆ ಪುಟದಲ್ಲೂ ಕಾರಣ ಬರೆದಿಡಿ. ಯಾರಾದರೂ ಬಂದು ವರ್ಷ ತುಂಬಿದರೆ ಮೂಲ ಕೇಳಿ, ಕೊಡದಿದ್ದರೆ ಅಳಿಸಿ. ಬರೆದಾದ ಮೇಲೆ ಲಿಂಕ್ ಇಲ್ಲಿ ಹಾಕಿ ಮೇಡಂ, ನಾಣ್ಯದ ಅಡಿಬರಹ ನಾನು ನೋಡಿಕೊಡ್ತೀನಿ.