ಮಾಗಿಯ ಚಳಿಯಲ್ಲಿ ಕುದುರೆಯ ಆರೈಕೆ: ಸಾಕಿದವರ ಅನುಭವ

ಹರಿಹರದಿಂದ ಪ್ರಶ್ನೆ:

ಕಳೆದ ಬೇಸಿಗೆಯಲ್ಲಿ ಆರು ವರ್ಷದ ಹೆಣ್ಣು ಕುದುರೆಯೊಂದನ್ನು ತೋಟಕ್ಕೆ ತಂದಿದ್ದೇವೆ. ನಮ್ಮಲ್ಲಿ ಅದಕ್ಕಿದು ಮೊದಲ ಚಳಿಗಾಲ. ಲಾಯದ ಸುತ್ತ ತಾಡಪಾಲು ಕಟ್ಟಬೇಕೆ, ಕಂಬಳಿ ಹೊದಿಸಬೇಕೆ, ಮೇವಿನಲ್ಲಿ ಏನು ಬದಲಾಯಿಸಬೇಕು? ಈ ವರ್ಷದ ಮೆಕ್ಕೆಜೋಳ ಮನೆಯಲ್ಲಿ ಬೇಕಾದಷ್ಟಿದೆ, ಅದನ್ನು ಕೊಡಬಹುದೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಚಳ್ಳಕೆರೆಯಿಂದ:

ಹದಿನಾಲ್ಕು ವರ್ಷಗಳಿಂದ ಎರಡು ಕುದುರೆಗಳನ್ನು ಸಾಕುತ್ತಿದ್ದೇನೆ. ಚಳಿಯಿಂದ ಅವು ಕಾಯಿಲೆ ಬಿದ್ದದ್ದಿಲ್ಲ; ಚಳಿಗೆ ಹೆದರಿ ನಾನು ಮಾಡಿದ ಕೆಲಸಗಳಿಂದ ಬಿದ್ದಿವೆ. ಹಗಲು ಮೊಟಕಾಗುತ್ತ ಬಂದಂತೆ ಕುದುರೆಯ ಮೈಮೇಲೆ ದಟ್ಟ ಕೂದಲು ತಾನಾಗಿಯೇ ಬೆಳೆಯುತ್ತದೆ. ಮೈ ಒಣಗಿದ್ದು ನೇರ ಗಾಳಿ ತಾಗದಿದ್ದರೆ ನಮ್ಮ ಸೀಮೆಯ 12–15 ಡಿಗ್ರಿ ಸೆಲ್ಸಿಯಸ್ಸಿನ ಇರುಳು ಆರೋಗ್ಯವಂತ ಕುದುರೆಗೆ ಲೆಕ್ಕಕ್ಕೇ ಇಲ್ಲ, ಕಂಬಳಿಯೂ ಬೇಡ. ಇದು ತಿಳಿಯದೆ ಎರಡನೆಯ ವರ್ಷ ಲಾಯವನ್ನು ನಾಲ್ಕೂ ಕಡೆ ತಾಡಪಾಲಿನಿಂದ ಮುಚ್ಚಿದೆ. ಗಂಜಲದಿಂದೇಳುವ ಅಮೋನಿಯಾ ಒಳಗೇ ನಿಂತು, ಒಂದು ವಾರದೊಳಗೆ ಎರಡಕ್ಕೂ ಕೆಮ್ಮು ಹತ್ತಿತು. ಈಗ ಮೂಡಗಾಳಿ ಬೀಸುವ ಕಡೆಗೆ ಮಾತ್ರ ಸೋಗೆಯ ತಡಿಕೆ ಇದೆ. ಅದರ ಮೇಲೂ ಒಂದೂವರೆ ಅಡಿ ತೆರಪು ಬಿಟ್ಟಿದ್ದೇನೆ.

ನಿಜವಾಗಿ ಹೆದರಬೇಕಾದದ್ದು ನೀರಿನ ವಿಷಯದಲ್ಲಿ. ದಿನಕ್ಕೆ 25–40 ಲೀಟರ್ ಕುಡಿಯುವ ಪ್ರಾಣಿ, ಬೆಳಗಿನ ತಣ್ಣನೆಯ ತೊಟ್ಟಿಯನ್ನು ಮೂಸಿ ಹಿಂದೆ ಸರಿಯುತ್ತದೆ. ಹಸಿ ಹುಲ್ಲು ಮುಗಿದು ಜೋಳದ ಒಣಸಪ್ಪೆ ಶುರುವಾಗುವುದೂ ಅದೇ ಹೊತ್ತಿಗೆ. ಒಣಮೇವು ಹೆಚ್ಚಿ ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಂದು ಸಂಕ್ರಾಂತಿಯ ಮರುದಿನ ನನ್ನ ದೊಡ್ಡ ಕುದುರೆ ಲದ್ದಿ ಹಾಕುವುದನ್ನೇ ನಿಲ್ಲಿಸಿ, ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡತೊಡಗಿತು. ದನಕ್ಕೆ ಮಾಡುವಂತೆ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಎಣ್ಣೆ ಹೊಯ್ಯಲು ಹೊರಟಿದ್ದವನನ್ನು ವೈದ್ಯರು ಫೋನಿನಲ್ಲೇ ತಡೆದರು, ಏಕೆಂದರೆ ಹಾಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಕೊನೆಗೆ ಅವರೇ ಬಂದು ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ಲಿಕ್ವಿಡ್ ಪ್ಯಾರಾಫಿನ್ ಎಂಬ ಜಾರಿಸುವ ಎಣ್ಣೆ ಬಿಟ್ಟರು. ಬೆಳಗಿನ ಜಾವಕ್ಕೆ ಲದ್ದಿ ಬಿತ್ತು. ಅಂದಿನಿಂದ ರಾತ್ರಿಯ ನೀರನ್ನು ಚೆಲ್ಲಿ, ಬೆಚ್ಚಗಿರುವ ಬೋರ್‌ವೆಲ್ ನೀರನ್ನು ಆಗಷ್ಟೇ ಹಿಡಿದು ಇಡುತ್ತೇನೆ, ನೆನೆಸಿದ ಬೂಸಾದಲ್ಲಿ 30 ಗ್ರಾಂ ಉಪ್ಪು ಬೆರೆಸುತ್ತೇನೆ, ದಿನವೂ ಲದ್ದಿಯ ಗುಡ್ಡೆಗಳನ್ನು ಎಣಿಸುತ್ತೇನೆ. ಹತ್ತರ ಆಸುಪಾಸಿನಲ್ಲಿ ಇರಬೇಕಾದದ್ದು ನಾಲ್ಕೈದಕ್ಕೆ ಇಳಿದರೆ ಸಂಜೆಯವರೆಗೆ ಕಾಯುವುದಿಲ್ಲ.

ಚಳಿ ಹೆಚ್ಚಿದ ದಿನ ಕಾಳನ್ನಲ್ಲ, ಮೇವನ್ನು ಹೆಚ್ಚಿಸಿರಿ. ನಾರು ಹಿಂಗರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಕುದುರೆಯ ಒಲೆ. 300 ಕಿಲೋ ತೂಕದ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣಮೇವು ಬೇಕು. ಅದರಲ್ಲಿ ದೊಡ್ಡ ಪಾಲು ರಾತ್ರಿಗಿರಲಿ. ನಮ್ಮ ಕಡೆ ಧಾರಾಳವಾಗಿ ಸಿಗುವ ಶೇಂಗಾ ಬಳ್ಳಿಯನ್ನು ಮಾತ್ರ ಚೆನ್ನಾಗಿ ಕೊಡವಿ ಹಾಕಿರಿ, ಏಕೆಂದರೆ ಬೇರಿನೊಡನೆ ಬಂದ ಮರಳು ಕರುಳಿನ ತಳದಲ್ಲಿ ಕೂತು ಶೂಲೆ ತರುತ್ತದೆ. ಅನುಮಾನವಿದ್ದರೆ ಒಂದು ಹಿಡಿ ಲದ್ದಿಯನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕದಡಿ ಬಿಡಿ. ಮರಳಿದ್ದರೆ ತಳದಲ್ಲಿ ಕಾಣುತ್ತದೆ.

ದಾವಣಗೆರೆಯಿಂದ:

ನಿವೃತ್ತ ಪಶುವೈದ್ಯನಾಗಿ ಮೆಕ್ಕೆಜೋಳದ ಬಗ್ಗೆ ಮಾತ್ರ ಹೇಳುತ್ತೇನೆ. ತೇವವಿದ್ದಾಗಲೇ ರಾಶಿ ಹಾಕಿದ ಕಾಳನ್ನು ಕುದುರೆಗೆ ತೋರಿಸಲೂ ಬೇಡಿ. ಫ್ಯುಸೇರಿಯಂ ಎಂಬ ಬೂಷ್ಟಿನಿಂದ ಹುಟ್ಟುವ ಫ್ಯುಮೋನಿಸಿನ್ ಎಂಬ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತದೆ, ಅದಕ್ಕೆ ಮದ್ದಿಲ್ಲ. ಅದೇ ಕಾಳನ್ನು ತಿಂದ ಎಮ್ಮೆ ಚೆನ್ನಾಗಿಯೇ ಇರುವುದರಿಂದ ಜನರು ಮೋಸ ಹೋಗುತ್ತಾರೆ. ಕಣ್ಣಿಗೆ ಸ್ವಚ್ಛವಾಗಿ ಕಾಣುವ ಕಾಳಿನಲ್ಲೂ ಈ ವಿಷ ಇರಬಹುದಾದ್ದರಿಂದ, ನಿಮ್ಮ ಮನೆಯಲ್ಲಿ ಎಷ್ಟೇ ಮೆಕ್ಕೆಜೋಳವಿದ್ದರೂ ಅದನ್ನು ಮಾರಿ, ನೆನೆಸಿ ಬೇಯಿಸಿದ ಹುರುಳಿಯನ್ನು ಮಿತವಾಗಿ ಕೊಡುವುದು ಮೇಲು. ಜೋಳ ಕೊಯ್ದ ಹೊಲದಲ್ಲಿ ಚಿಗುರಿದ ಕೂಳೆಯನ್ನೂ ಮೇಯಿಸಬೇಡಿ. ಅದರಲ್ಲಿ ಸಯನೈಡ್ ಇರುತ್ತದೆ. ಧನುರ್ವಾಯುವಿನ ಲಸಿಕೆ ಆಗಿಲ್ಲದಿದ್ದರೆ ಈ ವಾರವೇ ಹಾಕಿಸಿ.

ಚಿತ್ರದುರ್ಗದಿಂದ:

ಕಂಬಳಿ ಬೇಡವೆಂಬುದು ಪ್ರಾಯದ ಕುದುರೆಗೆ ಸರಿ, ಎಲ್ಲದಕ್ಕೂ ಅಲ್ಲ. ಜೋಗಿಮಟ್ಟಿ ಬೆಟ್ಟದ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ನಮ್ಮ ಇಪ್ಪತ್ತೆರಡು ವರ್ಷದ ಮುದಿ ಕುದುರೆಗೆ ಇರುಳು ಚಳ್ಳಕೆರೆಯ ಕಂಬಳಿಯನ್ನೇ ಹೊದಿಸುತ್ತೇವೆ. ಉಣ್ಣೆ ತುಸು ತೇವವಾದರೂ ಬೆಚ್ಚಗಿರುತ್ತದೆ. ಆದರೆ ಬೆವರಿದ ಮೈಮೇಲೆ ಹೊದಿಸದೆ, ಮೊದಲು ನಡೆಸಿ, ಒಣಹುಲ್ಲಿನಿಂದ ತಿಕ್ಕಿ, ಮೈ ಆರಿದ ಮೇಲೆಯೇ ಹೊದಿಸಬೇಕು. ಬೆಳಿಗ್ಗೆ ಬಿಸಿಲೇರಿದೊಡನೆ ತೆಗೆದು, ಪಕ್ಕೆಯ ಮೇಲೆ ಅಂಗೈ ಒತ್ತಿ ನೋಡಿರಿ. ದಟ್ಟ ಕೂದಲಿನ ಕೆಳಗೆ ಎಲುಬು ಹಾಯುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. ಹೋದ ವರ್ಷ ನಮಗೆ ಅದು ಗೊತ್ತಾಗುವಷ್ಟರಲ್ಲಿ ಶಿವರಾತ್ರಿ ಬಂದಿತ್ತು.