ಗಾರ್ಗನಕಲ್ ಸುಲಭವಾಗಿ ಬೀಳುವುದಿಲ್ಲ, ಆದರೂ ಪಂದ್ಯ ಕೈತಪ್ಪುತ್ತಿದೆ: ಅನುಭವ ಉಳ್ಳವರು ತಿಳಿಸಿ

ಕೇಳಿದವರು, ಸೋಮವಾರಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ಪೋಕೆಮಾನ್ ಸ್ಕಾರ್ಲೆಟ್ ಆಟದ ರ್ಯಾಂಕ್ಡ್ ಸಿಂಗಲ್ಸ್‌ನಲ್ಲಿ (ಒಮ್ಮೆಗೆ ಒಂದೊಂದೇ ಪೋಕೆಮಾನ್ ಎದುರಾಗುವ ಪಂದ್ಯದಲ್ಲಿ) ನಾನು ಗಾರ್ಗನಕಲ್ ಎಂಬ ಕಲ್ಲಿನ ಜಾತಿಯ ಪೋಕೆಮಾನ್ ಅನ್ನೇ ತಂಡದ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಕೈಯಲ್ಲಿ ಪ್ರತಿ ಸುತ್ತಿಗೂ ತುಸು ಎಚ್‌ಪಿ (ಪ್ರಾಣಬಲ) ಮರಳಿಸುವ ಲೆಫ್ಟ್‌ಓವರ್ಸ್, ದಾಳಿಗಳಾಗಿ ಸಾಲ್ಟ್ ಕ್ಯೂರ್, ಅರ್ಧ ಎಚ್‌ಪಿ ತುಂಬಿಸುವ ರಿಕವರ್, ಒಂದು ಸುತ್ತು ಏಟು ತಡೆಯುವ ಪ್ರೊಟೆಕ್ಟ್ ಮತ್ತು ಡಿಫೆನ್ಸ್ ಏರಿಸುವ ಐರನ್ ಡಿಫೆನ್ಸ್. ಇವಿ ಅಂಕಗಳನ್ನು (ಪೋಕೆಮಾನಿನ ಬಲ ಹೆಚ್ಚಿಸಲು ನಾವೇ ಹಂಚುವ ಅಂಕಗಳನ್ನು) ಎಚ್‌ಪಿ ಮತ್ತು ಡಿಫೆನ್ಸ್‌ಗೆ ಪೂರ್ತಿಯಾಗಿ ಕೊಟ್ಟಿದ್ದೇನೆ. ಬಹಳ ಹೊತ್ತು ತಡೆದು ನಿಲ್ಲುತ್ತದೆ ಎಂಬುದು ನಿಜ, ಆದರೆ ಎದುರಾಳಿ ಪೋಕೆಮಾನ್ ಬದಲಾಯಿಸುತ್ತಾ ಹೋದಂತೆ ನನ್ನ ರಿಕವರ್ ಮುಗಿಯುತ್ತದೆ, ಕೊನೆಗೆ ಪಂದ್ಯವೂ ಹೋಗುತ್ತದೆ. ಇದರ ಜೊತೆಗೆ, ಕೈಲ್ ಪೊಳ್ದ್ ಹಬ್ಬಕ್ಕೆ ಮನೆಯಲ್ಲಿ ಸೇರುವ ಅಣ್ಣತಮ್ಮಂದಿರು ಡಬಲ್ಸ್ (ಒಮ್ಮೆಗೆ ಎರಡೆರಡು ಪೋಕೆಮಾನ್ ಎದುರಾಗುವ ಪಂದ್ಯ) ಆಡುವುದು ವಾಡಿಕೆಯಾದ್ದರಿಂದ, ಅಲ್ಲಿ ಇದನ್ನು ಬಳಸಬಹುದೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮಡಿಕೇರಿಯಿಂದ

ನೀವು ಬರೆದಿರುವುದನ್ನು ಓದಿದರೆ, ಎದುರಾಳಿ ಬದಲಾಯಿಸುವುದನ್ನು ನೀವು ತೊಂದರೆಯೆಂದು ಎಣಿಸುತ್ತಿದ್ದೀರಿ ಎನಿಸುತ್ತದೆ. ಗಾರ್ಗನಕಲ್ ಆಡಿಸುವವರು ಮೊದಲು ಬಿಡಬೇಕಾದದ್ದು ಈ ಎಣಿಕೆಯನ್ನೇ. ಸಾಲ್ಟ್ ಕ್ಯೂರ್ ದಾಳಿಯ ನೇರ ಶಕ್ತಿ ಕೇವಲ 40. ಅದರ ನಿಜವಾದ ಬಲ ಇರುವುದು ಏಟು ತಗುಲಿದ ಮೇಲೆ ಪ್ರತಿ ಸುತ್ತಿನ ಕೊನೆಯಲ್ಲಿ ಎದುರಾಳಿಯ ಪೂರ್ಣ ಎಚ್‌ಪಿಯ ಎಂಟನೇ ಒಂದು ಭಾಗವನ್ನು, ನೀರು ಅಥವಾ ಉಕ್ಕಿನ ಜಾತಿಯಾದರೆ ನಾಲ್ಕನೇ ಒಂದು ಭಾಗವನ್ನು, ಕಳೆಯುತ್ತಲೇ ಇರುವುದರಲ್ಲಿ. ಹೊರಗೆ ಹೋದರೆ ಮಾತ್ರ ಆ ಉಪ್ಪು ಇಳಿಯುತ್ತದೆ. ಹಾಗಾಗಿ ಎದುರಾಳಿ ಬದಲಾಯಿಸಿಯೇ ತೀರುತ್ತಾನೆ, ಮತ್ತು ಹಾಗೆ ಬದಲಾಯಿಸುವಂತೆ ಮಾಡುವುದೇ ಈ ಪೋಕೆಮಾನಿನ ಕೆಲಸ. ನಮ್ಮೂರ ಹಾಕಿ ಮೈದಾನದಲ್ಲಿ ಒಳ್ಳೆಯ ಫುಲ್‌ಬ್ಯಾಕ್ ಚೆಂಡನ್ನು ತಡೆದು ಅಲ್ಲೇ ಇಟ್ಟುಕೊಂಡು ನಿಲ್ಲುವುದಿಲ್ಲ. ತಡೆದ ಚೆಂಡನ್ನು ತನ್ನ ತಂಡಕ್ಕೆ ಅನುಕೂಲವಾದ ಕಡೆಗೆ ಕಳುಹಿಸುತ್ತಾನೆ. ನಿಮ್ಮ ತಂಡದಲ್ಲಿ ಆ ಎರಡನೆಯ ಕೆಲಸಕ್ಕೆ ಏರ್ಪಾಡು ಇಲ್ಲವೆಂದು ತೋರುತ್ತದೆ.

ಏರ್ಪಾಡು ಎಂದರೆ, ಬದಲಾಗಿ ಒಳಗೆ ಬರುವವರಿಗೆ ಹಾನಿ ಮಾಡುವ ನೆಲದ ಮೇಲಿನ ಬಲೆಗಳು. ಸ್ಟೆಲ್ತ್ ರಾಕ್ ಅನ್ನು ಗಾರ್ಗನಕಲ್ ತಾನೇ ಹಾಕಬಲ್ಲದಾದರೂ, ಅದಕ್ಕೆ ದಾಳಿಯ ಒಂದು ಜಾಗ ವೆಚ್ಚವಾಗುವುದರಿಂದ, ಟಿಂಗ್-ಲು ಅಥವಾ ಸ್ಕಾರ್ಮರಿಯಂಥ ಜೊತೆಗಾರನಿಂದ ಸ್ಟೆಲ್ತ್ ರಾಕ್ ಅಥವಾ ಸ್ಪೈಕ್ಸ್ ಹಾಕಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಮೇಲೆ ಎದುರಾಳಿಗೆ ಉಳಿಯುವ ದಾರಿ ಎರಡೇ: ನಿಂತರೆ ಉಪ್ಪು, ಬದಲಾಯಿಸಿದರೆ ಕಲ್ಲು. ಹೆವಿ-ಡ್ಯೂಟಿ ಬೂಟ್ಸ್ ತೊಟ್ಟವರಿಗೆ ಕಲ್ಲು ತಾಗುವುದಿಲ್ಲವಾದರೂ, ಬೂಟ್ಸ್ ತೊಟ್ಟವರ ಕೈಯಲ್ಲಿ ಲೆಫ್ಟ್‌ಓವರ್ಸ್ ಇರುವುದಿಲ್ಲ ಎಂಬುದೂ ನಮಗೆ ಲಾಭವೇ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. 50ನೇ ಲೆವೆಲ್‌ನಲ್ಲಿ ಎಚ್‌ಪಿಗೆ ಪೂರ್ಣ ಇವಿ ಪಡೆದ ಕಾರ್ವಿನೈಟ್‌ಗೆ 205 ಎಚ್‌ಪಿ ಇರುತ್ತದೆ. ಅದು ಉಕ್ಕಿನ ಜಾತಿಯಾದ್ದರಿಂದ ಉಪ್ಪು ಪ್ರತಿ ಸುತ್ತಿಗೆ 51 ಕಳೆಯುತ್ತದೆ, ಲೆಫ್ಟ್‌ಓವರ್ಸ್ ಇದ್ದರೆ 12 ಹಿಂದಿರುಗುತ್ತದೆ, ಸಾಲ್ಟ್ ಕ್ಯೂರ್‌ನ ನೇರ ಏಟು 20ರ ಆಸುಪಾಸಿನಲ್ಲಿ ಬೀಳುತ್ತದೆ. ಎಂದರೆ ನಮ್ಮ ಮೇಲೆ ಕೈಯೆತ್ತಿದ ಪ್ರತಿ ಸುತ್ತಿನಲ್ಲೂ ಅದು ಸುಮಾರು 60 ಕಳೆದುಕೊಳ್ಳುತ್ತದೆ. ರೂಸ್ಟ್ ಮಾಡಿದರೆ 103 ಬರುತ್ತದೆ ನಿಜ, ಆದರೆ ಅದೇ ಸುತ್ತಿನಲ್ಲಿ ಉಪ್ಪು ಮತ್ತೆ 51 ಕಳೆಯುವುದರಿಂದ ಕೈಯಲ್ಲಿ ಉಳಿಯುವುದು 50ಕ್ಕಿಂತ ತುಸು ಹೆಚ್ಚು. ಹೀಗಾಗಿ ಒಂದು ಸುತ್ತು ಹೊಡೆದರೆ ಮರುಸುತ್ತು ರೂಸ್ಟ್ ಮಾಡುವುದು ಅದಕ್ಕೆ ಅನಿವಾರ್ಯವಾಗುತ್ತದೆ. ಅದರ ಬಾಡಿ ಪ್ರೆಸ್ ನಮಗೂ ಭಾರವೇ, ಆದರೆ ನಾವು ರಿಕವರ್ ಮಾಡುವ ಸುತ್ತಿನಲ್ಲೂ ನಮ್ಮ ಉಪ್ಪು ಕೆಲಸ ಮಾಡುತ್ತಿರುತ್ತದೆ. ಅದು ರೂಸ್ಟ್ ಮಾಡುವ ಸುತ್ತಿನಲ್ಲಿ ನಮಗೆ ಅದರಿಂದ ಯಾವ ಹಾನಿಯೂ ಇಲ್ಲ. ಸ್ಕಾರ್ಲೆಟ್ ಸೇರಿದ ಒಂಬತ್ತನೇ ಪೀಳಿಗೆಯಲ್ಲಿ ರಿಕವರ್, ರೂಸ್ಟ್ ಮುಂತಾದವುಗಳ ಪಿಪಿಯನ್ನು (ಎಷ್ಟು ಸಲ ಬಳಸಬಹುದೆಂಬ ಮಿತಿಯನ್ನು) 10ರಿಂದ 5ಕ್ಕೆ ಇಳಿಸಿರುವುದರಿಂದ, ಪಿಪಿ ಅಪ್ ಎಲ್ಲ ಕೊಟ್ಟರೂ 8ಕ್ಕೆ ಮೀರುವುದಿಲ್ಲ. ಆ ಎಂಟು ನಮಗೂ ಎಂಟೇ, ಅವರಿಗೂ ಎಂಟೇ. ಯಾರು ಅದನ್ನು ಮೊದಲು ವ್ಯಯ ಮಾಡುತ್ತಾರೆ ಎಂಬುದರ ಮೇಲೆ ಪಂದ್ಯ ನಿಲ್ಲುತ್ತದೆ.

ಆದ್ದರಿಂದ ಎಚ್‌ಪಿ ಅರ್ಧಕ್ಕೆ ಇಳಿದ ಕೂಡಲೇ ರಿಕವರ್ ಒತ್ತುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಎದುರಾಳಿ ಈಗ ಬದಲಾಯಿಸುತ್ತಾನೆ ಎಂದು ಬಲವಾಗಿ ಅನ್ನಿಸುವ ಸುತ್ತು ಯಾವುದೋ, ರಿಕವರ್‌ಗೆ ಅದೇ ಒಳ್ಳೆಯ ಸುತ್ತು. ಏಕೆಂದರೆ ಆಗ ಏಟು ತಿನ್ನದೆಯೇ 104 ಎಚ್‌ಪಿ ಕೂಡುತ್ತದೆ.

ಇನ್ನು ಇವಿ ವಿಚಾರ. ಗಾರ್ಗನಕಲ್‌ನ ಮೂಲ ಡಿಫೆನ್ಸ್ 130, ಸ್ಪೆಷಲ್ ಡಿಫೆನ್ಸ್ 90. ಇವಿ ಕೊಡದಿದ್ದರೂ 50ನೇ ಲೆವೆಲ್‌ನಲ್ಲಿ ಡಿಫೆನ್ಸ್ 150 ಇರುತ್ತದೆ. ಐರನ್ ಡಿಫೆನ್ಸ್ ಒಮ್ಮೆ ಮಾಡಿದರೆ ಅದು 300 ಆಗುತ್ತದೆ. ಸ್ಪೆಷಲ್ ಡಿಫೆನ್ಸ್ ಹಾಗೆ ಏರುವ ದಾರಿ ಈ ಜೋಡಣೆಯಲ್ಲಿ ಇಲ್ಲ. ಆದ್ದರಿಂದ 252 ಎಚ್‌ಪಿಗೆ, 252 ಸ್ಪೆಷಲ್ ಡಿಫೆನ್ಸ್‌ಗೆ ಕೊಟ್ಟು, ಸ್ವಭಾವವನ್ನು ಕೇರ್‌ಫುಲ್ ಮಾಡಿದರೆ ಅದು 156ಕ್ಕೆ ಬರುತ್ತದೆ, ಎಚ್‌ಪಿ 207 ಆಗುತ್ತದೆ. ಸಿಂಗಲ್ಸ್‌ನಲ್ಲಿ ಪ್ರೊಟೆಕ್ಟ್ ತೆಗೆದು ಬಾಡಿ ಪ್ರೆಸ್ ಹಾಕಿ ನೋಡಿ. ಬಾಡಿ ಪ್ರೆಸ್ ಡಿಫೆನ್ಸ್‌ನ ಲೆಕ್ಕದಲ್ಲಿ ಹೊಡೆಯುವುದರಿಂದ, ನೀವು ಈಗ ಬರೀ ರಕ್ಷಣೆಗೆ ಬಳಸುತ್ತಿರುವ ಐರನ್ ಡಿಫೆನ್ಸ್ ಆಕ್ರಮಣವೂ ಆಗುತ್ತದೆ. ನಿದ್ರೆ, ವಿಷ, ಸುಡುವಿಕೆ ಯಾವುದೂ ಗಾರ್ಗನಕಲ್‌ನ ಪ್ಯೂರಿಫೈಯಿಂಗ್ ಸಾಲ್ಟ್ ಸಾಮರ್ಥ್ಯ ಇರುವಾಗ ತಗುಲುವುದಿಲ್ಲವಾದ್ದರಿಂದ, ಬೇರೆ ಗೋಡೆಗಳನ್ನು (ರಕ್ಷಣೆಯ ಪೋಕೆಮಾನ್‌ಗಳನ್ನು) ಕೆಡವುವ ಟಾಕ್ಸಿಕ್ ವಿಷ ನಿಮ್ಮನ್ನು ಕಾಡುವುದಿಲ್ಲ. ಅದೇ ಕಾರಣಕ್ಕೆ ನಿದ್ರಿಸಿ ಎಚ್‌ಪಿ ತುಂಬಿಸಿಕೊಳ್ಳುವ ರೆಸ್ಟ್ ಮಾಡಲೂ ಆಗದು, ಹಾಗಾಗಿ ರಿಕವರ್ ಬಿಡುವ ಪ್ರಶ್ನೆಯೇ ಇಲ್ಲ.

ಆರರ ತಂಡದಿಂದ ಮೂರನ್ನು ಆರಿಸಿ ಆಡುವ ಸಿಂಗಲ್ಸ್ ಪಂದ್ಯದಲ್ಲಿ ಇನ್ನೊಂದು ಮಾತು ಬಹಳ ಮುಖ್ಯ. ಎದುರಾಳಿಯ ಬಳಿ ಕೊನೆಯ ಒಂದೇ ಪೋಕೆಮಾನ್ ಉಳಿದಾಗ ಅವನಿಗೆ ಬದಲಾಯಿಸುವ ದಾರಿ ಮುಚ್ಚಿಹೋಗುತ್ತದೆ. ಆಗ ಬಿದ್ದ ಉಪ್ಪು ಪಂದ್ಯ ಮುಗಿಯುವವರೆಗೂ ಇಳಿಯುವುದಿಲ್ಲ. ಗಾರ್ಗನಕಲ್ ಅನ್ನು ಮೊದಲ ಸುತ್ತಿನಿಂದಲೇ ಏಟಿಗೆ ಒಡ್ಡದೆ, ಇತರ ಇಬ್ಬರಿಂದ ಆದಷ್ಟು ಕೆಲಸ ಮಾಡಿಸಿ, ಅದನ್ನು ರಿಕವರ್ ತುಂಬಿರುವಾಗಲೇ ಕೊನೆಯ ಘಟ್ಟಕ್ಕೆ ತಲುಪಿಸಿದರೆ, ನೀವು ಹೇಳಿದ ಹಲವು ಸೋಲುಗಳು ಗೆಲುವಾಗುತ್ತವೆ ಎಂದು ನಾನು ನಂಬುತ್ತೇನೆ.

ಟೆರಾ (ಪಂದ್ಯದಲ್ಲಿ ಒಮ್ಮೆ ಪೋಕೆಮಾನಿನ ಜಾತಿ ಬದಲಾಯಿಸುವ ಅವಕಾಶ) ಬಗ್ಗೆ: ನೀರಿನ ಟೆರಾ ಸರಳವಾದ ಆಯ್ಕೆ. ಹುಲ್ಲು ಮತ್ತು ವಿದ್ಯುತ್ ಬಿಟ್ಟು ಬೇರೆ ದೌರ್ಬಲ್ಯ ಉಳಿಯುವುದಿಲ್ಲ. ಭೂತದ ಟೆರಾ ಕೂಡ ಚೆನ್ನು, ಕುಸ್ತಿ ಜಾತಿಯ ದಾಳಿ ತಾಗುವುದೇ ಇಲ್ಲ, ಭೂತದ ದಾಳಿಯನ್ನು ಪ್ಯೂರಿಫೈಯಿಂಗ್ ಸಾಲ್ಟ್ ಅರ್ಧಕ್ಕೆ ಇಳಿಸುತ್ತದೆ.

ಗೋಣಿಕೊಪ್ಪಲಿನಿಂದ

ಮಡಿಕೇರಿಯವರು ಸಿಂಗಲ್ಸ್ ಬಗ್ಗೆ ಬರೆದದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಡಬಲ್ಸ್‌ನಲ್ಲಿ ಪ್ರೊಟೆಕ್ಟ್ ತೆಗೆಯಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಉಪ್ಪು ಹಿಡಿದ ಎದುರಾಳಿಯ ಮುಂದೆ ನೀವು ಪ್ರೊಟೆಕ್ಟ್ ಮಾಡಿದ ಪ್ರತಿ ಸುತ್ತಿನಲ್ಲೂ ಅವನ ಎಂಟನೇ ಒಂದು ಭಾಗ ಹೋಗುತ್ತದೆ, ನಿಮಗೆ ಲೆಫ್ಟ್‌ಓವರ್ಸ್‌ನಿಂದ 12 ಬರುತ್ತದೆ, ಮತ್ತು ಪಕ್ಕದಲ್ಲಿರುವ ನಿಮ್ಮ ಜೊತೆಗಾರ ಪೂರ್ಣ ಸ್ವಾತಂತ್ರ್ಯದಿಂದ ಹೊಡೆಯುತ್ತಾನೆ. ಐರನ್ ಡಿಫೆನ್ಸ್ ಜಾಗಕ್ಕೆ ವೈಡ್ ಗಾರ್ಡ್ ತನ್ನಿ. ಅರ್ತ್‌ಕ್ವೇಕ್, ಗೋಲ್ಡೆಂಗೊದ ಮೇಕ್ ಇಟ್ ರೇನ್, ಹೀಟ್ ವೇವ್ ಹೀಗೆ ಇಬ್ಬರಿಗೂ ಒಮ್ಮೆಗೇ ಬೀಳುವ ದಾಳಿಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ.

ಗೋಲ್ಡೆಂಗೊ ಎಂದಾಗ ನೆನಪಾಯಿತು: ಅದರ ಗುಡ್ ಆ್ಯಸ್ ಗೋಲ್ಡ್ ಸಾಮರ್ಥ್ಯ ತಡೆಯುವುದು ಹಾನಿ ಮಾಡದ ತಂತ್ರಗಳನ್ನು ಮಾತ್ರ. ಸಾಲ್ಟ್ ಕ್ಯೂರ್ ಹೊಡೆಯುವ ದಾಳಿಯಾದ್ದರಿಂದ ಅದಕ್ಕೂ ತಗುಲುತ್ತದೆ, ಅದೂ ಉಕ್ಕಿನ ಜಾತಿಯಾದ್ದರಿಂದ ಸುತ್ತಿಗೆ ಕಾಲು ಭಾಗ ಹೋಗುತ್ತದೆ.

ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಾದರೂ ಟಾಟ್ಸುಗಿರಿ ಮತ್ತು ಡೊಂಡೋಜೊ ಜೋಡಿಯನ್ನು ತರುವವರಿದ್ದರೆ, ಗಾರ್ಗನಕಲ್ ಅವರಿಗೆ ಸಿಗಬಹುದಾದ ಅತ್ಯಂತ ಕಠಿಣ ಉತ್ತರ. ಟಾಟ್ಸುಗಿರಿ ಕಮಾಂಡರ್ ಸಾಮರ್ಥ್ಯದಿಂದ ಡೊಂಡೋಜೊದ ಬಾಯೊಳಗೆ ಹೊಕ್ಕ ಮೇಲೆ ಡೊಂಡೋಜೊದ ಬಲವೆಲ್ಲ ಎರಡೆರಡು ಹಂತ ಏರುತ್ತದೆ, ಆದರೆ ಅದನ್ನು ಹೊರಗೆ ಕರೆಯಲು ಆಗುವುದಿಲ್ಲ. ಹೊರಗೆ ಹೋಗಲಾರದ, ನೀರಿನ ಜಾತಿಯ, 257 ಎಚ್‌ಪಿಯ ಆ ಮೀನಿಗೆ ಒಮ್ಮೆ ಉಪ್ಪು ಹಿಡಿಸಿದರೆ ಸುತ್ತಿಗೆ 64ರಂತೆ ಇಳಿಯುತ್ತಾ ಹೋಗುತ್ತದೆ. ಅದು ರೆಸ್ಟ್ ಮಾಡಿ ಪೂರ್ತಿ ತುಂಬಿಸಿಕೊಂಡರೂ, ಮಲಗಿದ ಸುತ್ತು ಮತ್ತು ನಿದ್ರೆಯ ಎರಡು ಸುತ್ತು ಸೇರಿ, ಕಣ್ಣು ಬಿಡುವ ಹೊತ್ತಿಗೆ ಕಾಲು ಭಾಗದ ಹತ್ತಿರ ಬಂದಿರುತ್ತದೆ. ಅದರ ವೇವ್ ಕ್ರ್ಯಾಶ್ ಒಂದನ್ನು ತಡೆದುಕೊಳ್ಳುವುದಷ್ಟೇ ನಿಮ್ಮ ಹೊಣೆ. ಹುಲ್ಲಿನ ಅಥವಾ ನೀರಿನ ಟೆರಾ ಆ ಕೆಲಸ ಮಾಡುತ್ತದೆ.

ಡಬಲ್ಸ್‌ನಲ್ಲಿ ನಿಜವಾಗಿಯೂ ಭಯಪಡಬೇಕಾದದ್ದು ರ್ಯಾಪಿಡ್ ಸ್ಟ್ರೈಕ್ ಉರ್ಷಿಫುವಿಗೆ. ಅದರ ಸರ್ಜಿಂಗ್ ಸ್ಟ್ರೈಕ್ಸ್ ಮೂರು ಬಾರಿ ಬೀಳುತ್ತದೆ, ಮೂರೂ ತಪ್ಪದೆ ಕ್ರಿಟಿಕಲ್ ಆಗುತ್ತವೆ, ಕ್ರಿಟಿಕಲ್ ಏಟಿಗೆ ನೀವು ಏರಿಸಿಟ್ಟ ಡಿಫೆನ್ಸ್ ಲೆಕ್ಕಕ್ಕೆ ಬರುವುದಿಲ್ಲ; ಸಾಲದ್ದಕ್ಕೆ ಅದರ ಅನ್‌ಸೀನ್ ಫಿಸ್ಟ್ ಸಾಮರ್ಥ್ಯದಿಂದ ಆ ಏಟು ಪ್ರೊಟೆಕ್ಟ್ ಅನ್ನೂ ದಾಟಿ ಬರುತ್ತದೆ. ಎದುರಾಳಿಯ ತಂಡದಲ್ಲಿ ಅದು ಕಂಡರೆ, ಅಮೂಂಗಸ್‌ನ ರೇಜ್ ಪೌಡರ್‌ನಿಂದ ಏಟನ್ನು ಆ ಕಡೆಗೆ ಸೆಳೆಯುವುದು ಅಥವಾ ಮೊದಲ ಸುತ್ತಿನಲ್ಲೇ ಟೆರಾ ಬಳಸುವುದು, ಇವೆರಡರಲ್ಲಿ ಒಂದನ್ನು ಮೊದಲೇ ನಿರ್ಧರಿಸಿಕೊಂಡಿರಬೇಕು. ಅಮೂಂಗಸ್‌ನ ಪಾಲನ್ ಪಫ್ ಜೊತೆಗಾರನ ಎಚ್‌ಪಿಯನ್ನು ತುಂಬಿಸುವುದರಿಂದ ನಿಮ್ಮ ರಿಕವರ್ ಕೂಡ ಉಳಿಯುತ್ತದೆ. ರಿಲ್ಲಬೂಮ್ ಇನ್ನೊಬ್ಬ ಒಳ್ಳೆಯ ಜೊತೆಗಾರ. ಅದು ಹಾಸುವ ಗ್ರಾಸಿ ಟೆರೈನ್ ಅರ್ತ್‌ಕ್ವೇಕ್‌ನ ಬಲವನ್ನು ಅರ್ಧಕ್ಕಿಳಿಸಿ, ನೆಲದ ಮೇಲಿರುವವರಿಗೆ ಪ್ರತಿ ಸುತ್ತು ಹದಿನಾರನೇ ಒಂದು ಭಾಗ ಕೊಡುತ್ತದೆ. ಎದುರಾಳಿಯ ಕಡೆಯವರಿಗೂ ಕೊಡುತ್ತದೆ ಎಂಬುದು ನೆನಪಿರಲಿ.

ಕುಶಾಲನಗರದಿಂದ

ಇಲ್ಲಿ ಯಾರೂ ಎತ್ತದ ಒಂದು ಪ್ರಾಯೋಗಿಕ ಸಂಗತಿಯನ್ನು ಸೇರಿಸುತ್ತೇನೆ. ರಕ್ಷಣೆಯ ತಂಡಗಳ ಪಂದ್ಯಗಳು ಉದ್ದವಾಗುತ್ತವೆ, ಮತ್ತು ಅಧಿಕೃತ ನಿಯಮದಲ್ಲಿ ಒಟ್ಟು ಆಟಕ್ಕೆ 20 ನಿಮಿಷ, ಆಟಗಾರನೊಬ್ಬನ ಯೋಚನೆಗೆ 7 ನಿಮಿಷ ಎಂಬ ಮಿತಿ ಇದೆ. ಸಮಯ ಮುಗಿದಾಗ ಯಾರ ಬಳಿ ಹೆಚ್ಚು ಪೋಕೆಮಾನ್ ಉಳಿದಿವೆಯೋ ಅವರು ಗೆಲ್ಲುತ್ತಾರೆ. ರಿಕವರ್ ಒತ್ತಬೇಕೋ ಬೇಡವೋ ಎಂದು ಪ್ರತಿ ಸುತ್ತಿನಲ್ಲೂ ಯೋಚಿಸುತ್ತಾ ಕುಳಿತರೆ ಆ 7 ನಿಮಿಷ ಸಾಲುವುದಿಲ್ಲ; ಯಾವ ಎಚ್‌ಪಿಗೆ ಇಳಿದಾಗ ಏನು ಮಾಡಬೇಕೆಂಬುದನ್ನು ಪಂದ್ಯಕ್ಕೆ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಮರ ಬಿದ್ದು ಕರೆಂಟು ಹೋಗುವುದು ಹೊಸತಲ್ಲ. ಸ್ವಿಚ್‌ಗೆ ಬ್ಯಾಟರಿ ಇದ್ದರೂ ವೈಫೈ ರೂಟರ್ ಆರಿದರೆ ಉದ್ದದ ಪಂದ್ಯ ನಡುವೆಯೇ ಕಡಿದುಹೋಗುತ್ತದೆ. ರೂಟರ್‌ಗೆ ಚಿಕ್ಕ ಯುಪಿಎಸ್ ಒಂದನ್ನು ಕೂಡಿಸಿಕೊಳ್ಳುವುದು ಒಳ್ಳೆಯದು. ಹಬ್ಬದ ದಿನ ಒಂದೇ ಮನೆಯಲ್ಲಿ ಕುಳಿತು ಆಡುವುದಾದರೆ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಲೋಕಲ್ ಸಂಪರ್ಕದಲ್ಲೇ ಲಿಂಕ್ ಬ್ಯಾಟಲ್ ಆಡಬಹುದು.

ಕೇಳಿದವರು, ಸೋಮವಾರಪೇಟೆಯಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇವಿ ಬದಲಾಯಿಸಿ, ಬಾಡಿ ಪ್ರೆಸ್ ಹಾಕಿ, ಟಿಂಗ್-ಲುವಿನಿಂದ ಸ್ಪೈಕ್ಸ್ ಹಾಕಿಸಿ ಆಡತೊಡಗಿದ್ದೇನೆ. ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತಿದೆ. ಒಂದು ಸಂದೇಹ ಉಳಿದಿದೆ. ಗ್ಲೈಸ್ಕೋರ್ ಎದುರಿಗೆ ಬಂದಾಗ ಉಪ್ಪಿನಿಂದ ಏನೂ ಆಗದಂತೆ ಕಾಣುತ್ತದೆ. ಕೆಲವರ ಪೋಕೆಮಾನ್‌ಗಳಿಗೆ ಉಪ್ಪು ಹಿಡಿಯುವುದೇ ಇಲ್ಲ. ಇದೇಕೆ?

ಮಡಿಕೇರಿಯಿಂದ

ಎರಡಕ್ಕೂ ಕಾರಣ ಬೇರೆ ಬೇರೆ. ಉಪ್ಪು ಹಿಡಿಯುವುದೇ ಇಲ್ಲವೆಂದರೆ ಅವರ ಕೈಯಲ್ಲಿ ಕವರ್ಟ್ ಕ್ಲೋಕ್ ಇದೆ ಎಂದು ತಿಳಿಯಿರಿ. ದಾಳಿಯ ಹೆಚ್ಚುವರಿ ಪರಿಣಾಮವನ್ನು ಅದು ತಡೆಯುತ್ತದೆ. ಅಂಥವರ ಮುಂದೆ ಐರನ್ ಡಿಫೆನ್ಸ್ ಮತ್ತು ಬಾಡಿ ಪ್ರೆಸ್ ದಾರಿ ಹಿಡಿಯುವುದೇ ಸರಿ, ಇಲ್ಲವೇ ನಾಕ್ ಆಫ್ ಬಲ್ಲ ಜೊತೆಗಾರನಿಂದ ಆ ಕ್ಲೋಕ್ ಅನ್ನು ಕೆಡವಿಸಿ ಆಮೇಲೆ ಬನ್ನಿ. ಟಾಂಟ್ ಬಳಸುವವರ ವಿಷಯದಲ್ಲೂ ಎಚ್ಚರ ಬೇಕು, ಏಕೆಂದರೆ ಟಾಂಟ್ ಬಿದ್ದಾಗ ರಿಕವರ್ ಮತ್ತು ಐರನ್ ಡಿಫೆನ್ಸ್ ಎರಡೂ ಕೈಗೆ ಸಿಗುವುದಿಲ್ಲ. ಆ ಸುತ್ತುಗಳಲ್ಲಿ ಸಾಲ್ಟ್ ಕ್ಯೂರ್ ಹೊಡೆದು, ಅವರನ್ನೇ ಹೊರಗೆ ಹೋಗುವಂತೆ ಮಾಡುವುದು ಉತ್ತಮ.

ಗ್ಲೈಸ್ಕೋರ್ ವಿಷಯದಲ್ಲಿ ನಡೆಯುತ್ತಿರುವುದು ನೇರವಾದ ಕೂಡುಕಳೆ. ತನಗೇ ವಿಷ ಹಿಡಿಸಿಕೊಳ್ಳುವ ಟಾಕ್ಸಿಕ್ ಆರ್ಬ್ ಹಿಡಿದ ಗ್ಲೈಸ್ಕೋರ್‌ಗೆ, ವಿಷವನ್ನೇ ಮದ್ದಾಗಿಸುವ ಪಾಯಿಸನ್ ಹೀಲ್ ಸಾಮರ್ಥ್ಯ ಪ್ರತಿ ಸುತ್ತಿಗೆ ಎಂಟನೇ ಒಂದು ಭಾಗ ಕೊಡುತ್ತದೆ; ನಿಮ್ಮ ಉಪ್ಪು ಅಷ್ಟನ್ನೇ ಕಳೆಯುತ್ತದೆ. ಅದರ ಅರ್ತ್‌ಕ್ವೇಕ್ ನಿಮಗೆ ಎರಡು ಪಟ್ಟು ತಾಗುವುದರಿಂದ ಅಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಮಂಜಿನ ದಾಳಿ ನಾಲ್ಕು ಪಟ್ಟು ಬೀಳುವುದರಿಂದ, ಮಂಜಿನ ದಾಳಿ ಬಲ್ಲ ಒಬ್ಬನನ್ನು ಆರರ ತಂಡದಲ್ಲಿ ಇಟ್ಟುಕೊಳ್ಳಿ, ಮತ್ತು ತಂಡದ ಮುನ್ನೋಟದಲ್ಲಿ ಗ್ಲೈಸ್ಕೋರ್ ಕಂಡ ದಿನ ಗಾರ್ಗನಕಲ್ ಅನ್ನು ಆರಿಸುವ ಮುನ್ನ ಎರಡು ಬಾರಿ ಯೋಚಿಸಿ. ಆರಿಸಿದರೆ, ಗ್ಲೈಸ್ಕೋರ್ ಹೊರಬೀಳುವವರೆಗೂ ಅದನ್ನು ಹಿಂದೆಯೇ ಉಳಿಸಿಕೊಳ್ಳಿ.