ಪದ ಬೇಕು (ಇವತ್ತೇ): 'ಆನ್ಯುಯಲ್ ಕಿಲ್ಲಿಫಿಶ್'

ಮೈಸೂರಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ನಲವತ್ತು ವರ್ಷದಿಂದ ಕಿಲ್ಲಿಫಿಶ್ ಸಾಕುತ್ತಿದ್ದಾರೆ. ಭಾನುವಾರ ಬಡಾವಣೆಯಲ್ಲಿ ಅವರ ಮೀನುಗಳ ಪ್ರದರ್ಶನ. ಫ್ಲೆಕ್ಸ್‌ನವರಿಗೆ ಸಂಜೆ ಆರರೊಳಗೆ ಬರಹ ಕೊಡಬೇಕು. ಮುಖ್ಯ ತೊಟ್ಟಿಯಲ್ಲಿರುವುದು ಜಾಂಜಿಬಾರಿನ ನೋಥೋಬ್ರಾಂಕಿಯಸ್ ಗುಂಥರಿ. ಮಳೆನೀರು ನಿಂತ ಗುಂಡಿಯಲ್ಲಿ ಹುಟ್ಟಿ, ಕೆಸರಲ್ಲಿ ಮೊಟ್ಟೆಯಿಟ್ಟು, ಗುಂಡಿ ಬತ್ತಿದಾಗ ಸಾಯುತ್ತದೆ. ಮೊಟ್ಟೆ ಮಾತ್ರ ಒಣಮಣ್ಣಿನಲ್ಲೇ ಮುಂದಿನ ಮಳೆಗೆ ಕಾಯುತ್ತದೆ. ಮಾವ ಆ ಮೊಟ್ಟೆಗಳನ್ನು ತೇವದ ತೆಂಗಿನನಾರಿನ ಪುಡಿಯಲ್ಲಿ ಕಟ್ಟಿ, ತಾರೀಖು ಬರೆದು, ಮೂರು ತಿಂಗಳು ಅತ್ತೆಯ ಸೀರೆ ಬೀರುವಿನಲ್ಲಿಡುತ್ತಾರೆ. (ಅತ್ತೆಯ ಅಭಿಪ್ರಾಯ ಇಲ್ಲಿ ಬೇಡ.) ಫ್ಲೆಕ್ಸ್ ಹುಡುಗ ಮೊಬೈಲಿನಲ್ಲಿ ಅನುವಾದಿಸಿ 'ವಾರ್ಷಿಕ ಕೊಲೆಗಾರ ಮೀನು' ಎಂದು ತಂದಿದ್ದಾನೆ. ಕಾಪಾಡಿ.

ಧಾರವಾಡದಿಂದ:
ಕೊಲೆಗೂ ಇದಕ್ಕೂ ಸಂಬಂಧವಿಲ್ಲ. 'ಕಿಲ್' ಡಚ್ ಮಾತು, ತೊರೆ ಎಂದರ್ಥ. ಡಚ್ಚರು ನೆಲೆಸಿದ್ದ ನ್ಯೂಯಾರ್ಕ್ ಸೀಮೆಯಲ್ಲಿ ಫಿಶ್‌ಕಿಲ್ ಎಂಬ ಊರೇ ಇದೆ. ಹೆಸರು ಬದಲಿಸಿರೆಂದು 1996ರಲ್ಲಿ ಪ್ರಾಣಿದಯೆಯವರು ಗಂಟುಬಿದ್ದಿದ್ದರು. 'ತೊರೆಮೀನು' ಎನ್ನಿ. ಮುಗಿಯಿತು.

ಪುತ್ತೂರಿನಿಂದ:
ಗುಂಡಿಯಲ್ಲಿ ಬದುಕುವುದಕ್ಕೆ ತೊರೆಮೀನೇ? ಈ ಬಳಗದ್ದೇ ಮೀನು ನಮ್ಮ ತೋಡುಗಳಲ್ಲೂ ಇದೆ, ನೆತ್ತಿಯ ಮೇಲೆ ಬಿಳಿ ಚುಕ್ಕೆ. ಮಲಯಾಳದಲ್ಲಿ ಅದು 'ಮಾನತ್ತುಕಣ್ಣಿ'. ಅವರ ಮಾನಂ, ತಮಿಳಿನ ವಾನಂ, ನಮ್ಮ ಬಾನು ಒಂದೇ ಬೇರಿನವು. ಹಾಗಾಗಿ 'ಬಾನ್ಗಣ್ಣಿ'. ದ್ರಾವಿಡ ಪದ ಮನೆಬಾಗಿಲಲ್ಲಿರುವಾಗ ಹಾಲೆಂಡಿಗೆ ಯಾಕೆ ಹೋಗಬೇಕು?

ಧಾರವಾಡದಿಂದ:
ಕನ್ನಡದಲ್ಲಿ ಕಣ್ಣಿ ಎಂದರೆ ದನ ಕಟ್ಟುವ ಹಗ್ಗ.

ಬೆಂಗಳೂರಿನಿಂದ:
ಕೇಳಿದ್ದು 'ಆನ್ಯುಯಲ್' ಬಗ್ಗೆ. ಸಸ್ಯಶಾಸ್ತ್ರದಲ್ಲಿ 'ಏಕವಾರ್ಷಿಕ' ಇದೆಯಲ್ಲ? 'ಏಕವಾರ್ಷಿಕ ಕಿಲ್ಲಿಮೀನು'. ಬರಿಯ 'ವಾರ್ಷಿಕ' ಎಂದರೆ ಚಂದಾ ಕಟ್ಟಬೇಕೇನೋ ಅನ್ನಿಸುತ್ತದೆ.

ತೀರ್ಥಹಳ್ಳಿಯಿಂದ:
ಸಂಸ್ಕೃತದಲ್ಲಿ ವರ್ಷ ಎಂದರೆ ಮೊದಲು ಮಳೆ, ಆಮೇಲೆ ಸಂವತ್ಸರ. 'ವಾರ್ಷಿಕ'ಕ್ಕೂ ಮಳೆಗಾಲದ್ದು ಎಂಬ ಅರ್ಥವಿದೆ. ಈ ಮೀನಿಗೆ ಇದಕ್ಕಿಂತ ಒಪ್ಪುವ ಪದ ಯಾವ ಭಾಷೆಯಲ್ಲೂ ಸಿಗದು, ಇಂಗ್ಲಿಷಿನದ್ದೇ ಬಡವಾಯಿತು. ಆದರೆ ಈಗ ಓದುವವರಿಗೆ ಆ ಮಳೆ ಕೇಳಿಸುವುದಿಲ್ಲ. ಕೇಳಿಸಬೇಕಾದರೆ 'ಒಂದ್ಮಳೆ ಮೀನು' ಎನ್ನಿ. ನಮ್ಮ ಕಡೆ ಮೊದಲ ಮಳೆಗೆ ಗದ್ದೆಗೆ ಏರಿ ಬರುವವನ್ನು ಹತ್ತುಮೀನು ಅನ್ನುತ್ತೇವೆ. ಅದು ಬೇರೆ, ಯಾರೂ ಅದನ್ನು ಇಲ್ಲಿ ತಂದು ಸೇರಿಸಬೇಡಿ.

ಪುತ್ತೂರಿನಿಂದ:
ಒಂದ್ಮಳೆ ಚೆನ್ನಾಗಿದೆ. 'ಕಿಲ್ಲಿ' ಬಿಡಿ, ಪರಕೀಯ.

ಬೆಂಗಳೂರಿನಿಂದ:
ಗಪ್ಪಿ ಸ್ವಕೀಯವೇ? ಟ್ರಿನಿಡಾಡಿನಲ್ಲಿದ್ದ ಒಬ್ಬ ಮನುಷ್ಯನ ಹೆಸರು ಅದು. ಊರಿನ ಬಾವಿಗೆ ಆರೋಗ್ಯ ಇಲಾಖೆಯವರು ಗಪ್ಪಿ ಬಿಟ್ಟಾಗ ಯಾರೂ ಕನ್ನಡ ಹೆಸರು ಕೇಳಲಿಲ್ಲ. ಅದೇ ಇಲಾಖೆಯ 'ಲಾರ್ವಾಹಾರಿ ಮೀನು' ನೋಡಿ, ಲ್ಯಾಟಿನ್ನಿಗೆ ಸಂಸ್ಕೃತದ ಬಾಲ. ಅದನ್ನು ನುಂಗಿದವರಿಗೆ ಕಿಲ್ಲಿ ಗಂಟಲಲ್ಲಿ ಸಿಕ್ಕಿತೇ?

ಪುತ್ತೂರಿನಿಂದ:
ನುಂಗಿದವರು ನೀವು. ನಾನಲ್ಲ.

ಧಾರವಾಡದಿಂದ:
ಸಾಲ ತಂದ ಪದ ಬಡ್ಡಿ ಕೇಳುವುದಿಲ್ಲ. ಪ್ರತಿ ತಿಂಗಳೂ ಇದೇ ಜಗಳ. ತೊರೆಮೀನು ಎಂದೇ ನನ್ನ ಮತ.

ಮೈಸೂರಿನಿಂದ:
ಎಲ್ಲರಿಗೂ ವಂದನೆ. ಆರು ಗಂಟೆಯಾಯಿತು. 'ಕಿಲ್ಲಿ: ಒಂದ್ಮಳೆ ಮೀನು' ಎಂದು ಕೊಟ್ಟೆ. ಮಾವನಿಗೆ 'ವಾರ್ಷಿಕ' ಮೊದಲಿಂದಲೂ ಸರಿಬಂದಿರಲಿಲ್ಲವಂತೆ. ಜಾಂಜಿಬಾರಿನಲ್ಲಿ ವರ್ಷಕ್ಕೆ ಎರಡು ಮಳೆಗಾಲ: ಮಾರ್ಚಿನಿಂದ ಮೇವರೆಗೆ ದೊಡ್ಡದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಿಕ್ಕದು. 'ಒಂದ್ಮಳೆಯೇ ಸರಿ ಕಣೋ' ಅಂದರು. ಫ್ಲೆಕ್ಸ್ ಹುಡುಗನ ಫಾಂಟಿನಲ್ಲಿ ದಕಾರಕ್ಕೆ ಮಕಾರದ ಒತ್ತು ಮೂಡುತ್ತಿಲ್ಲ. 'ಒಂದು ಮಳೆ ಮೀನು' ಎಂದು ಬಿಡಿಸಿ ಬರೆದರೆ ಯಾರಿಗಾದರೂ ಆಕ್ಷೇಪವೇ? ಹತ್ತು ನಿಮಿಷ ಕಾಯುತ್ತಾನಂತೆ.